ಮನಸ್ಸು ಎತ್ತ ಮೇಯುತ್ತಿದೆ?



ಬೆಳಗಿನ ಹೊತ್ತು ಕಲಬುರಗಿಯ ಖೂಬಾ ಪ್ಲಾಟಿನ ಚಹಾದಂಗಡಿ ಮುಂದೆ ನಿಂತರೆ ಎರಡು ಮಾತು ಕಿವಿಗೆ ಬೀಳುತ್ತವೆ. "ನಮ್ ಕಡಿ ಏನೂ ಆಗಂಗಿಲ್ರಿ" ಅನ್ನುವುದು ಒಂದು. "ಎಲ್ಲಾ ಚೊಲೊ ಆಗ್ತದ, ಯಾಕ್ ಚಿಂತಿ ಮಾಡ್ತೀರಿ" ಅನ್ನುವುದು ಇನ್ನೊಂದು. ಮೊದಲನೆಯದು ನಿರಾಸೆ, ಎರಡನೆಯದು ಭರವಸೆ ಎಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಎರಡೂ ಮಾಡುವ ಕೆಲಸ ಒಂದೇ. ಮುಂದೆ ಯೋಚಿಸುವ ಗೋಜೇ ಇಲ್ಲದಂತೆ ಮಾಡಿಬಿಡುತ್ತವೆ.

ಹಾಗೆಂದು ಕೊರತೆಯ ಮಾತೆಲ್ಲ ಕೆಟ್ಟದ್ದಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ನಮ್ಮ ಭಾಗ ಎಲ್ಲೆಲ್ಲಿ ಹಿಂದುಳಿದಿದೆ ಎಂದು ತಾಲ್ಲೂಕುವಾರು ತೋರಿಸಿಕೊಟ್ಟಿತು. ವೈಜನಾಥ ಪಾಟೀಲರಂಥವರು ಆ ಕೊರತೆಯನ್ನೇ ಹಿಡಿದು ವರ್ಷಗಟ್ಟಲೆ ಹೋರಾಡಿದರು. ಕಡೆಗೆ 2012ರ 98ನೇ ತಿದ್ದುಪಡಿಯಿಂದ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಿತು. ಅವರಿಗೂ ಕಂಡದ್ದು ಕೊರತೆಯೇ. ಆದರೆ ಅದು ಅವರನ್ನು ಕೂರಿಸಲಿಲ್ಲ, ಎಬ್ಬಿಸಿತು.

ಹಾಗಾದರೆ ವಿಚಾರ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವುದು ಹೇಗೆ? ಬುದ್ಧ ಒಂದು ಅಳತೆ ಕೊಟ್ಟಿದ್ದಾನೆ. ನಮ್ಮ ಜಿಲ್ಲೆಯದೇ ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಗಳಲ್ಲಿ ಬೌದ್ಧ ಸ್ತೂಪ ಸಿಕ್ಕಿದೆ, ಅಶೋಕನ ಶಾಸನ ಸಿಕ್ಕಿದೆ. ಬುದ್ಧನ ಮಾತು ಈ ನೆಲಕ್ಕೆ ಹೊಸದಲ್ಲ. ಪಾಲಿ ಬೌದ್ಧ ಗ್ರಂಥವಾದ ಮಜ್ಝಿಮ ನಿಕಾಯದ ದ್ವೇಧಾವಿತಕ್ಕ ಸುತ್ತದಲ್ಲಿ ಬುದ್ಧ ತನ್ನ ಸಾಧನೆಯ ದಿನಗಳನ್ನು ನೆನೆಯುತ್ತಾನೆ. ಆಗ ಅವನು ತನ್ನ ವಿಚಾರಗಳನ್ನು ಎರಡು ಪಾಲು ಮಾಡಿದನಂತೆ. ಕಾಮ, ದ್ವೇಷ, ಹಿಂಸೆಯವು ಒಂದು ಕಡೆ. ತ್ಯಾಗ, ಮೈತ್ರಿ, ಕರುಣೆಯವು ಇನ್ನೊಂದು ಕಡೆ. ಇದು ನನ್ನನ್ನು ನೋಯಿಸುತ್ತದೆಯೆ, ಇತರರನ್ನು ನೋಯಿಸುತ್ತದೆಯೆ, ತಿಳಿವಿಗೆ ಅಡ್ಡ ಬರುತ್ತದೆಯೆ ಎಂದು ನೋಡುವುದೇ ಅವನ ಅಳತೆ. ಯಾವುದನ್ನು ಪದೇ ಪದೇ ಯೋಚಿಸುತ್ತೇವೋ ಮನಸ್ಸು ಆ ಕಡೆಗೇ ವಾಲುತ್ತದೆ ಎಂಬುದು ಅವನು ಕಂಡುಕೊಂಡ ಸತ್ಯ.

ಅದಕ್ಕೆ ಅವನು ಕೊಟ್ಟ ಹೋಲಿಕೆ ದನ ಕಾಯುವವನದು. ಹೊಲದಲ್ಲಿ ಬೆಳೆ ನಿಂತಿರುವಾಗ ದನಗಾಹಿ ಕೋಲು ಹಿಡಿದು ಹಸುಗಳನ್ನು ತಡೆಯಬೇಕು. ರಾಶಿ ಮುಗಿದ ಮೇಲೆ ಗಿಡದ ನೆರಳಲ್ಲಿ ಕೂತು, ದನ ಅಲ್ಲಿವೆ ಎಂಬ ಎಚ್ಚರವೊಂದಿದ್ದರೆ ಸಾಕು. ತೊಗರಿ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಟ್ಟು, ಹೊಟ್ಟೆಕಿಚ್ಚು, ಕೀಳರಿಮೆ ಬಂದಾಗ ಕೋಲು ಬೇಕು. ಒಳ್ಳೆಯ ವಿಚಾರಕ್ಕೆ ಎಚ್ಚರ ಸಾಕು. ಒಳ್ಳೆಯದನ್ನೂ ಹಗಲಿರುಳು ಯೋಚಿಸುತ್ತಲೇ ಇದ್ದರೆ ದೇಹ ದಣಿಯುತ್ತದೆ, ದಣಿದರೆ ಮನಸ್ಸು ಕದಡುತ್ತದೆ ಎಂದೂ ಬುದ್ಧ ಎಚ್ಚರಿಸುತ್ತಾನೆ. ಸದಾ ಹಸನ್ಮುಖಿಯಾಗಿರಬೇಕು ಎಂದು ತಮ್ಮನ್ನು ತಾವೇ ದುಡಿಸಿಕೊಳ್ಳುವವರು ಇದನ್ನು ಕೇಳಬೇಕು.

ಹೀಗೆ ವಿಚಾರವನ್ನು ತಡೆದು ನೋಡುವ ಅಭ್ಯಾಸಕ್ಕೆ ಮನೆಯೇ ಸಾಕು. ಮಗಳು ಗಣಿತದಲ್ಲಿ ಕಡಿಮೆ ಅಂಕ ತಂದಳು ಎನ್ನಿ. "ನಿನ್ ಕೈಲೆ ಆಗಂಗಿಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ಅಲ್ಲಿ ಒಂದು ಕ್ಷಣ ತಡೆದು ಉತ್ತರಪತ್ರಿಕೆ ತಿರುವಿ ನೋಡಿದರೆ, ಅವಳಿಗೆ ತಿಳಿಯದೇ ಉಳಿದದ್ದು ಭಿನ್ನರಾಶಿ ಮಾತ್ರ ಎಂದು ಕಾಣಬಹುದು. ನಾಲಿಗೆಗೆ ಬಂದಿದ್ದ ಮಾತು ಮಗುವಿನ ಮೇಲೆ ಕೊಟ್ಟ ತೀರ್ಪು, ಅದಕ್ಕೆ ಮದ್ದಿಲ್ಲ. ಭಿನ್ನರಾಶಿಯನ್ನಾದರೆ ಇವತ್ತು ಸಂಜೆಯೇ ಜೊತೆಗೆ ಕೂತು ಕಲಿಸಬಹುದು.