ನೆರಳು ನೋಡಿ ನಮಾಜು

ಮಸೀದಿಯ ಒಳಗೋಡೆಯ ಮೇಲೆ ಪುಟ್ಟ ಗಡಿಯಾರಗಳ ಸಾಲೊಂದನ್ನು ನೋಡಿದ್ದೀರಾ, ಮಕ್ಕಳೇ? ಎಷ್ಟೋ ಕಡೆ ಅವುಗಳ ಮುಳ್ಳು ತಾವಾಗಿ ಓಡುವುದಿಲ್ಲ. ಯಾರಾದರೂ ಬಂದು ಆಗಾಗ ಕೈಯಿಂದ ತಿರುಗಿಸಿ ಇಡುತ್ತಾರೆ. ಅವು ತೋರಿಸುವುದು ನಮಾಜಿನ ಹೊತ್ತನ್ನು. ಆ ಹೊತ್ತನ್ನು ಗೊತ್ತುಮಾಡುವವನು ಸೂರ್ಯ. ಅವನು ವರ್ಷವಿಡೀ ಒಂದೇ ವೇಳೆಗೆ ಹುಟ್ಟಿ ಮುಳುಗುವವನಲ್ಲವಲ್ಲ!

ಇಸ್ಲಾಮಿನಲ್ಲಿ ಆರಾಧನೆಯೆಂದರೆ ನಮಾಜು ಮಾತ್ರವಲ್ಲ. ರಂಜಾನಿನ ಉಪವಾಸವೂ ಆರಾಧನೆ. ಉಳಿತಾಯದ ನಲವತ್ತರಲ್ಲೊಂದು ಪಾಲನ್ನು ಇಲ್ಲದವರಿಗೆ ಕೊಡುವ ಜಕಾತೂ ಆರಾಧನೆ. ದಾರಿಯಲ್ಲಿ ಬಿದ್ದ ಮುಳ್ಳನ್ನು ಬದಿಗೆ ಸರಿಸುವುದೂ ಪುಣ್ಯದ ಕೆಲಸವೇ. ಇಷ್ಟೆಲ್ಲದರಲ್ಲಿ ನಾವು ಇವತ್ತು ನಮಾಜಿನ ಹೊತ್ತು, ದಿಕ್ಕು ಎರಡನ್ನೇ ಹಿಡಿಯೋಣ. ಅವನ್ನು ಅಂಗಳದಲ್ಲಿ ನಿಂತೇ ಅಳೆಯಬಹುದು, ಅದಕ್ಕೆ.

ದಿನಕ್ಕೆ ಐದು ನಮಾಜು. ಮೂಡಣದಲ್ಲಿ ಬೆಳಕು ಅಡ್ಡಕ್ಕೆ ಹರಡಿದಾಗಿನಿಂದ ಸೂರ್ಯ ಹುಟ್ಟುವವರೆಗೆ ಫಜ್ರ್. ಸೂರ್ಯ ಮುಳುಗಿದೊಡನೆ ಮಗ್ರಿಬ್. ಪಡುವಣದ ಸಂಜೆಬೆಳಕು ಪೂರ್ತಿ ಅಳಿದ ಮೇಲೆ ಇಶಾ. ಈ ಮೂರಕ್ಕೂ ಆಕಾಶದ ಬಣ್ಣ ನೋಡಿದರೆ ಸಾಕು. ನಡುವಿನ ಎರಡಿವೆಯಲ್ಲ, ಜುಹರ್ ಮತ್ತು ಅಸರ್, ಅವಕ್ಕೆ ನೆರಳು ಬೇಕು.

ಒಂದು ಅಡಿ ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ಬೆಳಿಗ್ಗೆ ಅದರ ನೆರಳು ಉದ್ದ. ಹೊತ್ತು ಏರಿದಂತೆ ಅದು ಕುಗ್ಗುತ್ತಾ ಬರುತ್ತದೆ, ಒಂದು ಗಳಿಗೆ ನಿಂತಂತೆ ಕಾಣುತ್ತದೆ, ಆಮೇಲೆ ಮತ್ತೆ ಬೆಳೆಯತೊಡಗುತ್ತದೆ. ಹಾಗೆ ಬೆಳೆಯತೊಡಗಿದಾಗ ಜುಹರ್ ಹೊತ್ತು ಬಂತು ಎಂದರ್ಥ.

ಅತಿ ಗಿಡ್ಡವಾದಾಗ ನೆರಳು 4 ಇಂಚು ಇತ್ತು ಎನ್ನಿ. ಅದಕ್ಕೆ ಕೋಲಿನ ಉದ್ದ 12 ಇಂಚು ಸೇರಿಸಿ. ನೆರಳು 16 ಇಂಚಿಗೆ ಬಂದಾಗ ಅಸರ್ ಶುರು. ಹೀಗೆ ಎಣಿಸುವವರು ಶಾಫಿ ಪದ್ಧತಿಯವರು. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಈ ಪದ್ಧತಿಯವರೇ. ಹನಫಿ ಪದ್ಧತಿಯವರು ಕೋಲಿನ ಉದ್ದವನ್ನು ಎರಡು ಸಲ ಸೇರಿಸುತ್ತಾರೆ. ಅಂದರೆ 28 ಇಂಚು. ಒಂದೇ ಊರಿನ ಎರಡು ಮಸೀದಿಗಳಲ್ಲಿ ಅಸರ್ ಬಾಂಗ್, ಅಂದರೆ ನಮಾಜಿನ ಕರೆ, ಬೇರೆ ಬೇರೆ ಹೊತ್ತಿಗೆ ಕೇಳಿಸಿದರೆ ಇದೂ ಒಂದು ಕಾರಣವಿರಬಹುದು.

ಹಿಂದೆ ದೊಡ್ಡ ಮಸೀದಿಗಳಲ್ಲಿ ಹೊತ್ತು ಲೆಕ್ಕ ಹಾಕುವುದಕ್ಕೆಂದೇ ಖಗೋಳ ಬಲ್ಲವರನ್ನು ನೇಮಿಸುತ್ತಿದ್ದರು. ಸಿರಿಯಾ ದೇಶದ ಡಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ಈ ಕೆಲಸ ಮಾಡುತ್ತಿದ್ದವರು ಇಬ್ನ್ ಅಲ್-ಶಾತಿರ್. 1371ರ ಸುಮಾರಿಗೆ ಅವರು ದೊಡ್ಡ ಅಮೃತಶಿಲೆಯ ಚಪ್ಪಡಿಯ ಮೇಲೆ ಗೆರೆಗಳನ್ನು ಕೊರೆದು ನೆರಳು-ಗಡಿಯಾರ ಮಾಡಿ, ಮಿನಾರಿನ ಮೇಲೆ ಇಟ್ಟರು. ಗ್ರಹಗಳ ಚಲನೆಯನ್ನೂ ಲೆಕ್ಕ ಹಾಕಿದ ಮನುಷ್ಯ ಅವರು.

ಇನ್ನು ದಿಕ್ಕು. ಲೋಕದಲ್ಲಿ ಎಲ್ಲೇ ಇರಲಿ, ನಮಾಜು ಮಾಡುವವರು ಮೆಕ್ಕಾದಲ್ಲಿರುವ ಕಾಬಾ ಎಂಬ ಪವಿತ್ರ ಕಟ್ಟಡದ ಕಡೆಗೆ ಮುಖ ಮಾಡುತ್ತಾರೆ. ಮೆಕ್ಕಾ ಇಲ್ಲಿಂದ ಸಮುದ್ರದಾಚೆ, ಕಣ್ಣಿಗೆ ಕಾಣದಷ್ಟು ದೂರ. ಆದರೆ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ಕಾಬಾದ ನೆತ್ತಿಯ ಮೇಲೆ ಬರುತ್ತಾನೆ.

ಅದರಿಂದೇನು ಅಂತೀರಾ? ರಾತ್ರಿ ಹಜಾರದಲ್ಲಿ ನೇತಾಡುವ ಬಲ್ಬಿನ ನೇರ ಕೆಳಗೆ ಒಂದು ಚೆಂಬು ಇಡಿ. ಸುತ್ತ ಅಲ್ಲಲ್ಲಿ ಲೋಟಗಳನ್ನು ನಿಲ್ಲಿಸಿ. ಒಂದೊಂದು ಲೋಟದ ನೆರಳೂ ಚೆಂಬಿಗೆ ಬೆನ್ನು ಮಾಡಿ ಮಲಗಿರುತ್ತದೆ. ನೆರಳಿನ ತುದಿಯಿಂದ ಲೋಟದ ಬುಡಕ್ಕೆ ಬೆರಳು ಎಳೆದುಕೊಂಡು ಹಾಗೇ ಮುಂದೆ ಹೋದರೆ ನೀವು ಸೇರುವುದು ಚೆಂಬಿಗೇ. ಬಲ್ಬು ಸೂರ್ಯ, ಚೆಂಬು ಕಾಬಾ, ನಿಮ್ಮ ಅಂಗಳದ ಕೋಲು ಒಂದು ಲೋಟ.

ಸೂರ್ಯ ಕಾಬಾದ ನೆತ್ತಿಗೆ ಬರುವ ಮೇ 28ರ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ ಕೋಲಿನ ಬಳಿ ಕಾದು ಕೂತಿರಿ. ಎರಡನೆಯ ಅವಕಾಶ ಜುಲೈ 16ರಂದು 2 ಗಂಟೆ 57 ನಿಮಿಷಕ್ಕೆ ಬರುತ್ತದೆ, ಆದರೆ ಆಗ ನಮ್ಮ ಕಡೆ ಮೋಡ ಬಿಡಬೇಕಲ್ಲ! ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಗೆರೆ ಎಳೆದು ಮುಂದಕ್ಕೆ ಚಾಚಿ. ಅದು ನೇರ ಪಶ್ಚಿಮಕ್ಕೆ ಹೋಗದೆ, ತುಸು ಉತ್ತರಕ್ಕೆ ವಾಲಿರುತ್ತದೆ. ಹತ್ತಿರದಲ್ಲಿ ಮಸೀದಿಯಿದ್ದರೆ ಅಲ್ಲಿನ ಹಿರಿಯರನ್ನು ಕೇಳಿ, ಅವರ ದಿಕ್ಕಿಗೂ ನಿಮ್ಮ ಗೆರೆಗೂ ತಾಳೆಯಾಗುತ್ತದೆಯೇ ನೋಡಿ.