ಸವೆದ ಬೆಲ್ಟು, ದುರಸ್ತಿಯ ವಿವೇಕ

(ಪೀಣ್ಯದಲ್ಲಿ ಮಾಡಿದ ಭಾಷಣದ ಸಾರ)



1970ರ ದಶಕದಿಂದ ಯಂತ್ರಗಳ ನೆಲೆಯಾದ ಈ ಪೀಣ್ಯದಲ್ಲಿ, ಮಲೆನಾಡಿನ ಕೃಷಿವಿಜ್ಞಾನಿಯೊಬ್ಬ ಕಾರಿನ ಬೆಲ್ಟಿನ ಮಾತೆತ್ತುವುದು ಉದ್ಧಟತನವೆನಿಸೀತು. ಆದರೆ ನನ್ನ ತಪ್ಪನ್ನೇ ಹೇಳುತ್ತಿದ್ದೇನೆ. ಬೆಲ್ಟಿನ ಕಿರುಚಾಟವನ್ನು ತಿಂಗಳುಗಟ್ಟಲೆ ಅಲಕ್ಷಿಸಿದೆ. ಶಿರಾಡಿ ಘಾಟಿಯಲ್ಲಿ ಅದು ತುಂಡಾಯಿತು. ನೀರಿನ ಪಂಪು ನಿಂತು, ಎಂಜಿನ್ ಕಾದು ಕೆಟ್ಟಿತು.

ಈ ರಬ್ಬರ್ ಪಟ್ಟಿ ಆಲ್ಟರ್ನೇಟರನ್ನೂ, ಅನೇಕ ಕಾರುಗಳಲ್ಲಿ ನೀರಿನ ಪಂಪನ್ನೂ ತಿರುಗಿಸುತ್ತದೆ. ಹಿಂದಿನ ನಿಯೋಪ್ರೀನ್ ಬೆಲ್ಟು ಬಿರುಕುಬಿಟ್ಟು ಎಚ್ಚರಿಸುತ್ತಿತ್ತು. ಇಂದಿನ ಇಪಿಡಿಎಂ ಬೆಲ್ಟು ಬಿರುಕಿಲ್ಲದೆಯೂ ಸವೆಯುತ್ತದೆ. ಏಣುಗಳು ಸವೆದು ತೋಡುಗಳು ಅಗಲವಾಗಿವೆಯೇ ಎಂದು ನೋಡಬೇಕು.

ಬದಲಿಸುವುದು ಮನೆಯಂಗಳದ ಕೆಲಸವೇ. ಎಂಜಿನ್ ತಣ್ಣಗಾಗಲಿ, ಬ್ಯಾಟರಿಯ ಋಣ ತಂತಿಯನ್ನು ಕಳಚಿರಿ, ಬೆಲ್ಟು ಸಾಗುವ ದಾರಿಯನ್ನು ಕಾಗದದಲ್ಲಿ ಬರೆದುಕೊಳ್ಳಿರಿ. ಬಿಗಿ ಸಡಿಲಿಸಿ ಹಳೆಯದನ್ನು ತೆಗೆದ ಮೇಲೆ, ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ಸದ್ದು, ಅಲುಗಾಟಗಳನ್ನು ಪರೀಕ್ಷಿಸಿರಿ. ಎಣ್ಣೆ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿರಿ. ಹೊಸದನ್ನು ಅತಿಯಾಗಿ ಬಿಗಿದರೆ ಬೇರಿಂಗುಗಳು ಹಾಳಾಗುತ್ತವೆ. ಟೈಮಿಂಗ್ ಬೆಲ್ಟು ಮಾತ್ರ ಬೇರೆ. ಅದನ್ನು ಮೆಕ್ಯಾನಿಕ್ಕಿಗೇ ಬಿಡಿರಿ.

ಹಳೆಯ ಬೆಲ್ಟನ್ನು ಕಸದೊಡನೆ ಸುಡದಿರಿ. ಆ ವಿಷದ ಹೊಗೆಯನ್ನು ಉಸಿರಾಡುವವರು ನಮ್ಮ ನೆರೆಯವರೇ. ಸಣ್ಣದನ್ನು ಸಕಾಲದಲ್ಲಿ ಬದಲಿಸಿ ದೊಡ್ಡದನ್ನು ಉಳಿಸುವುದೂ ಪರಿಸರ ರಕ್ಷಣೆಯೇ. ಉಳಿಸಿದ ಎಂಜಿನ್ನೆಂದರೆ, ಅಷ್ಟು ಅದಿರನ್ನು ಯಾವುದೋ ಬೆಟ್ಟದಲ್ಲೇ ಉಳಿಸಿದಂತೆ.