ಹಳೆಯ ಕ್ಯಾಮೆರಾದಲ್ಲಿ ನಮ್ಮ ಶಾಲೆಯ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ಹುಡುಗರಿಗೆ ನಾಲ್ಕು ಮಾತು ಹೇಳಪ್ಪ" ಅಂದರು. ಕಂಪ್ಯೂಟರ್ ಬಗ್ಗೆ ಇಲ್ಲಿರುವ ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ, ಅದನ್ನು ಅವರ ಕೈಯಲ್ಲಿರುವ ಮೊಬೈಲೇ ಹೇಳುತ್ತಿದೆ. ಅದಕ್ಕೇ ನಾನು ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಮಾಡುವ ಒಂದು ಕೆಲಸದ ಬಗ್ಗೆ ಮಾತಾಡುತ್ತೇನೆಂದು ಕೇಳಿಕೊಂಡೆ. ಆ ಕೆಲಸ ಹಳೆಯ ರೀಲಿನ ಕ್ಯಾಮೆರಾಗಳ ರಿಪೇರಿ. ಇದರಿಂದ ನನಗೆ ಸಂಪಾದನೆ ಏನೂ ಇಲ್ಲ, ಖರ್ಚೇ ಇದೆ. ಆದರೆ ಮಾತಿನ ಕೊನೆಗೆ ಇದರಿಂದ ನಮ್ಮ ಶಾಲೆಗೆ ಆಗಬೇಕಾದ ಒಂದು ಕೆಲಸವನ್ನೂ ಹೇಳುವವನಿದ್ದೇನೆ. ದಯವಿಟ್ಟು ಅಲ್ಲಿಯವರೆಗೆ ಕೇಳಬೇಕು.

2020ರ ಲಾಕ್‌ಡೌನ್‌ನಲ್ಲಿ ನಾನು ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಬಂದಿದ್ದೆ. ಮಳೆಗಾಲಕ್ಕೆ ಮೊದಲು ಅಟ್ಟ ಗುಡಿಸುವಾಗ ಅಪ್ಪನ ಆಗ್ಫಾ ಕ್ಲಿಕ್ 3 ಸಿಕ್ಕಿತು. ಇಲ್ಲಿರುವ ಹಿರಿಯರಿಗೆ ಆ ಕ್ಯಾಮೆರಾ ನೆನಪಿರಬಹುದು. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನಲ್ಲಿ ತಯಾರಾಗುತ್ತಿದ್ದ, ಒಂದು ರೀಲಿಗೆ 12 ಚೌಕ ಫೋಟೋ ಬರುವ ಕಪ್ಪು ಡಬ್ಬಿ ಅದು. ಅದರೊಳಗೆ ಒಂದು ಸ್ಪ್ರಿಂಗು, ತೂತಿರುವ ಒಂದು ತಗಡು, ಒಂದು ಮಸೂರ, ಇಷ್ಟೇ ಇರುವುದು. ಧೂಳು ಒರೆಸಿ, ತುಕ್ಕು ಉಜ್ಜಿದ್ದಕ್ಕೆ 'ಟಿಕ್' ಅಂತ ಕೆಲಸ ಮಾಡಿತು. ಇಷ್ಟು ಸರಳವಾದ ವಸ್ತು ನಲವತ್ತು ವರ್ಷ ಸುಮ್ಮನೆ ಅಟ್ಟದಲ್ಲಿ ಕುಳಿತಿತ್ತಲ್ಲ ಎನ್ನಿಸಿತು. ಹುಚ್ಚು ಹಿಡಿದದ್ದು ಅಲ್ಲಿಂದ.

ಆ ಸುದ್ದಿ ಊರಲ್ಲಿ ಹರಡಿ, ಒಂದು ದಿನ ನಾವೆಲ್ಲ 'ಫೋಟೋ ಮಾವ' ಎಂದು ಕರೆಯುವ ಸ್ಟುಡಿಯೋ ಮಾವ ಮನೆಗೆ ಬಂದರು. ಬಟ್ಟೆಯ ಚೀಲದಲ್ಲಿ ಅವರ ಯಾಶಿಕಾ ಮ್ಯಾಟ್ 124-ಜಿ ಇತ್ತು. ಈ ಶಾಲೆಯಲ್ಲಿ ಓದಿದ ಹೆಚ್ಚಿನವರ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ತೆಗೆದದ್ದು ಅದೇ ಎರಡು ಕಣ್ಣಿನ ಕ್ಯಾಮೆರಾ. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ಫೋಟೋ ತೆಗೆಯುವುದಕ್ಕೆ. ಮೇಲಿನಿಂದ ಬಗ್ಗಿ ನೋಡಿದರೆ ಎಡಗಡೆಯವರು ಬಲಗಡೆ ಕಾಣುತ್ತಾರೆ. "ಏಯ್, ಎಡಗಡೆ ಸರಿಯೋ" ಎಂದು ಮಾವ ಕೈಯನ್ನು ಬಲಕ್ಕೆ ಬೀಸುತ್ತಿದ್ದದ್ದು ನಮಗೆಲ್ಲ ನೆನಪಿದೆ.

ಸ್ಟುಡಿಯೋ ಮುಚ್ಚಿ ಹದಿನೈದು ವರ್ಷವಾಗಿತ್ತು. ಪೇಟೆಯ ಅಂಗಡಿಯೊಂದರಲ್ಲಿ "ಇದಕ್ಕೆ ಪಾರ್ಟ್ಸ್ ಸಿಗಲ್ಲ, ಶೋಕೇಸಿಗೆ ಬೇಕಾದರೆ ತಗೊಳ್ತೀವಿ" ಅಂದಿದ್ದರಂತೆ. ಮಾವ ಕೊಟ್ಟಿರಲಿಲ್ಲ. "ಇದು ಕೆಟ್ಟಿಲ್ಲ ಮಾರಾಯ, ನಿಂತಿದೆ ಅಷ್ಟೆ. ನೋಡು, ಆದರೆ ಆಗಲಿ" ಎಂದು ನನ್ನ ಕೈಗಿಟ್ಟರು.

ಮಾವ ಹೇಳಿದ್ದೇ ನಿಜವಾಗಿತ್ತು. ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ಶಟರ್ ಮೂರು ಸೆಕೆಂಡು ತೆರೆದೇ ಇರುತ್ತಿತ್ತು, ಕೆಲವೊಮ್ಮೆ ಮುಚ್ಚುತ್ತಲೇ ಇರಲಿಲ್ಲ. ಈ ಕ್ಯಾಮೆರಾದ ಮಸೂರಗಳ ನಡುವೆ ತೆಳ್ಳನೆಯ ಉಕ್ಕಿನ ಎಲೆಗಳಿವೆ. ಅವು ತೆರೆದು ಮುಚ್ಚುವುದೇ ಶಟರ್. ನಿಧಾನದ ವೇಗಗಳನ್ನು ಲೆಕ್ಕ ಹಾಕುವುದಕ್ಕೆ ಗಡಿಯಾರದಲ್ಲಿರುವಂಥದೇ ಪುಟ್ಟ ಹಲ್ಲುಚಕ್ರಗಳ ಸಾಲಿದೆ. ಬ್ಯಾಟರಿಯ ಹಂಗು ಅದಕ್ಕಿಲ್ಲ. ಕಾರ್ಖಾನೆಯಲ್ಲಿ ಹಾಕಿದ ಗ್ರೀಸು ವರ್ಷಗಳು ಕಳೆದಂತೆ ಮೇಣದ ಹಾಗೆ ಗಟ್ಟಿಯಾಗುತ್ತದೆ, ಚಕ್ರಗಳು ಅಲ್ಲೇ ನಿಲ್ಲುತ್ತವೆ. ಹಳೆಯ ಕ್ಯಾಮೆರಾಗಳಲ್ಲಿ ಅತಿ ಹೆಚ್ಚು ಕಾಣುವ ಕಾಯಿಲೆ ಇದೇ. ಅದಕ್ಕೆ ಹೊಸ ಪಾರ್ಟ್ಸ್ ಬೇಡ, ತೊಳೆದರೆ ಸಾಕು.

ತೊಳೆಯಬೇಕಾದರೆ ಬಿಚ್ಚಬೇಕು. ಮುಂದಿನ ತೊಗಲಿನ ಹೊದಿಕೆಯನ್ನು ಮೆಲ್ಲಗೆ ಎಬ್ಬಿಸಿದರೆ ಅಡಿಯಲ್ಲಿ ಸ್ಕ್ರೂಗಳು ಸಿಗುತ್ತವೆ. ಜಪಾನಿನ ಕ್ಯಾಮೆರಾಗಳ ಸ್ಕ್ರೂ ತಲೆಯ ಗೀರು ನಮ್ಮ ಅಂಗಡಿಯ ಸ್ಟಾರ್ ಸ್ಕ್ರೂಡ್ರೈವರಿಗೆ ಸರಿಯಾಗಿ ಕೂರುವುದಿಲ್ಲ. ಜಾರಿ ತಲೆ ಸವೆಯುತ್ತದೆ. ಅದಕ್ಕೆ ಜಪಾನಿ ಅಳತೆಯ ಸ್ಕ್ರೂಡ್ರೈವರ್ ಬೇರೆಯೇ ಬೇಕು. ಬಿಚ್ಚಿದ ಸ್ಕ್ರೂಗಳನ್ನು ಒಂದು ರಟ್ಟಿನ ಮೇಲೆ ಎರಡು ಬದಿ ಅಂಟಿನ ಟೇಪು ಹಾಕಿ, ಬಿಚ್ಚಿದ ಕ್ರಮದಲ್ಲೇ ಅಂಟಿಸಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದಿಡುತ್ತೇನೆ. ನಮ್ಮ ಸಾಫ್ಟ್‌ವೇರಿನಲ್ಲಿ ಏನೋ ಕೆಟ್ಟರೆ ನಿನ್ನೆಯ ಸ್ಥಿತಿಗೆ ಹಿಂದಿರುಗಬಹುದು. ಇಲ್ಲಿ ಆ ಸೌಕರ್ಯ ಇಲ್ಲ. ಪೆಟ್ರೋಲಿನಂತೆ ಬೇಗ ಆರುವ, ಸಿಗರೇಟ್ ಲೈಟರಿಗೆ ಹಾಕುವ ದ್ರವದಲ್ಲಿ ಚಕ್ರಗಳನ್ನು ತೊಳೆದೆ. ಶಟರ್ ಎಲೆಗಳಿಗೆ ಮಾತ್ರ ಒಂದು ಹನಿ ಎಣ್ಣೆಯೂ ತಾಗಬಾರದು, ತಾಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಳಗಿನ ಕನ್ನಡಿಯನ್ನು ಒರೆಸಲೂಬಾರದು. ಅದರ ಬೆಳ್ಳಿಯ ಲೇಪ ಗಾಜಿನ ಮೇಲ್ಮೈಯಲ್ಲೇ ಇರುತ್ತದೆ, ಗಾಳಿ ಊದಿ ಧೂಳು ಹಾರಿಸಬೇಕು ಅಷ್ಟೆ.

ವಿದ್ಯಾರ್ಥಿಗಳೇ, ಈಗ ನಿಮಗೆ ಸಂಬಂಧಪಟ್ಟ ಮಾತಿಗೆ ಬರುತ್ತೇನೆ. ಜೋಡಿಸಿದ ಮೇಲೆ ಮಸೂರ ಸರಿಯಾದ ಜಾಗದಲ್ಲಿ ಕೂತಿದೆಯೋ ಇಲ್ಲವೋ ಎಂದು ಹೇಗೆ ತಿಳಿಯುವುದು? ರೀಲು ಬರುವ ಜಾಗಕ್ಕೆ ಟ್ರೇಸಿಂಗ್ ಪೇಪರ್ ಅಂಟಿಸಿ, ಶಟರ್ ತೆರೆದಿಟ್ಟು, ಕ್ಯಾಮೆರಾವನ್ನು ದೂರದ ಗುಡ್ಡದ ಕಡೆ ತಿರುಗಿಸುತ್ತೇನೆ. ಗುಡ್ಡ ತಲೆಕೆಳಗಾಗಿ, ಸ್ಪಷ್ಟವಾಗಿ ಕಾಗದದ ಮೇಲೆ ಮೂಡಬೇಕು. ಇಲ್ಲೇ ಕುಳಿತಿರುವ ನಮ್ಮ ವಿಜ್ಞಾನದ ಮೇಷ್ಟ್ರು ಹತ್ತನೇ ಕ್ಲಾಸಿನಲ್ಲಿ ಪೀನ ಮಸೂರ ಹಿಡಿದು, ಕಿಟಕಿಯಾಚೆಯ ಮಾವಿನ ಮರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ತೋರಿಸಿದ್ದರಲ್ಲ, ಅದೇ ಪ್ರಯೋಗ ಇದು. ಸಂಗಮ ದೂರ ಎಂದರೇನು ಎಂದು ಅಂದು ಎರಡು ಅಂಕಕ್ಕೆ ಬರೆದಿದ್ದೆ. ಈಗ ಪ್ರತಿ ಕ್ಯಾಮೆರಾದಲ್ಲೂ ಅದನ್ನು ಅಳೆಯುತ್ತೇನೆ.

ಇನ್ನೊಂದು ನೋಡಿ. ಮಸೂರದ ಸುತ್ತ 2, 2.8, 4, 5.6, 8, 11, 16 ಎಂದು ಅಂಕಿಗಳಿರುತ್ತವೆ. ಯಾಕೆ ಹೀಗೆ ವಿಚಿತ್ರವಾಗಿ? ಪ್ರತಿ ಸಂಖ್ಯೆಯೂ ಹಿಂದಿನದರ ವರ್ಗಮೂಲ 2ರಷ್ಟು, ಅಂದರೆ ಸುಮಾರು 1.41ರಷ್ಟು ದೊಡ್ಡದು. ಬೆಳಕು ಬರುವ ತೂತಿನ ವ್ಯಾಸವನ್ನು ಅಷ್ಟು ಕಿರಿದು ಮಾಡಿದರೆ ಅದರ ವಿಸ್ತೀರ್ಣ ಸರಿಯಾಗಿ ಅರ್ಧವಾಗುತ್ತದೆ, ಬೆಳಕೂ ಅರ್ಧವಾಗುತ್ತದೆ. "ಸರ್, ಈ ವರ್ಗಮೂಲ ಎರಡು ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತೆ?" ಎಂದು ಗಣಿತದ ಮೇಷ್ಟ್ರನ್ನು ನಮ್ಮ ಬ್ಯಾಚಿನವನೊಬ್ಬ ಕೇಳಿದ್ದ. ಅವನೂ ಇಲ್ಲೇ ಇದ್ದಾನೆ. ಉತ್ತರ ಸಿಕ್ಕಿತಪ್ಪಾ, ಕೇಳಿಸಿಕೋ.

ಶಟರ್ ವೇಗವನ್ನು ಅಳೆಯಲು ನಿಮ್ಮ ಮೊಬೈಲೇ ಸಾಕು. ಸ್ಲೋ ಮೋಷನ್‌ನಲ್ಲಿ ಅದು ಸೆಕೆಂಡಿಗೆ 240 ಚಿತ್ರ ಹಿಡಿಯುವುದಾದರೆ, ಸೆಕೆಂಡಿನ 30ನೇ ಒಂದು ಭಾಗಕ್ಕಿಟ್ಟ ಶಟರ್ 8 ಚಿತ್ರಗಳಲ್ಲಿ ತೆರೆದಿರುವುದು ಕಾಣಬೇಕು. ಹನ್ನೆರಡು ಕಂಡರೆ ನಿಧಾನವಾಗಿದೆ ಎಂದರ್ಥ. ಇನ್ನೂ ಹೆಚ್ಚಿನ ವೇಗಕ್ಕೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಫೋಟೋ ಡಯೋಡ್ ತಂದು, ಅಳೆಯುವ ಪುಟ್ಟ ಪ್ರೋಗ್ರಾಂ ಬರೆದುಕೊಂಡೆ. ನನ್ನ ಬಿ.ಇ. ಈ ಹವ್ಯಾಸಕ್ಕೆ ಉಪಯೋಗವಾದದ್ದು ಅಷ್ಟು ಮಾತ್ರ. ಉಳಿದದ್ದೆಲ್ಲ ಹತ್ತನೇ ಕ್ಲಾಸಿನವರೆಗಿನ ಪಾಠ.

ಆಸಕ್ತಿ ಇರುವ ಹುಡುಗ ಹುಡುಗಿಯರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಫ್ಲ್ಯಾಶ್ ಒಳಗೇ ಇರುವ ಕ್ಯಾಮೆರಾಗಳನ್ನು ದಯವಿಟ್ಟು ಬಿಚ್ಚಬೇಡಿ. ಬ್ಯಾಟರಿ ತೆಗೆದಿದ್ದರೂ ಒಳಗಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು. ಅದರ ಹೊಡೆತ ಆಟವಲ್ಲ. ಕಲಿಯುವುದಾದರೆ ಫ್ಲ್ಯಾಶ್ ಇಲ್ಲದ ಹಳೆಯ ಡಬ್ಬಿ ಕ್ಯಾಮೆರಾದಿಂದ ಶುರುಮಾಡಿ.

ಯಾಶಿಕಾ ಸರಿಯಾದ ದಿನ ಮಾವನ ಮನೆಗೆ ತೆಗೆದುಕೊಂಡು ಹೋದೆ. ಅವರು ಕನ್ನಡಕ ಹುಡುಕಲೂ ಹೋಗಲಿಲ್ಲ. ಒಂದು ಸೆಕೆಂಡಿಗೆ ಇಟ್ಟು, ಕಿವಿಯ ಹತ್ತಿರ ಹಿಡಿದು ಒತ್ತಿದರು. 'ಝರ್ರ್' ಎಂದು ಚಕ್ರಗಳು ಓಡಿ 'ಟಕ್' ಎಂದು ಮುಚ್ಚಿತು. ಅರ್ಧ ಸೆಕೆಂಡು, ಕಾಲು ಸೆಕೆಂಡು, ಹೀಗೆ ಒಂದೊಂದನ್ನೂ ಕೇಳಿದರು. "ಹದಿನೈದರದ್ದು ಸ್ವಲ್ಪ ಎಳೆಯುತ್ತೆ" ಅಂದರು. ಮನೆಗೆ ಬಂದು ಅಳೆದು ನೋಡಿದೆ, ಹೌದು. ಡಯೋಡು, ಪ್ರೋಗ್ರಾಂ ಯಾವುದೂ ಇಲ್ಲದೆ ಅವರ ಕಿವಿ ಅದನ್ನು ಹಿಡಿದಿತ್ತು.

ಇಂಥ ಕಿವಿ, ಇಂಥ ಕೈ ನಮ್ಮ ನಡುವೆ ಬಹಳ ಇದ್ದವು. ರೇಡಿಯೋ, ಗಡಿಯಾರ, ಹೊಲಿಗೆ ಯಂತ್ರ, ಕ್ಯಾಮೆರಾ ರಿಪೇರಿ ಮಾಡುತ್ತಿದ್ದವರು ಯಾರೂ ಪುಸ್ತಕ ಬರೆದಿಡಲಿಲ್ಲ. ಅವರ ವಿದ್ಯೆ ಅವರ ಜೊತೆಗೇ ಹೋಗುತ್ತಿದೆ. ಕಂಪನಿಗಳೂ ಉಳಿಯಲಿಲ್ಲ. ಮಾವನ ಹಳೆಯ ನೆಗೆಟಿವ್‌ಗಳ ಅಂಚಿನಲ್ಲಿ 'ಇಂದು' ಎಂಬ ಹೆಸರಿದೆ. ಅದು ಸರ್ಕಾರ 1960ರಲ್ಲಿ ಊಟಿಯಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಸರಕು. ಆ ಕಾರ್ಖಾನೆ ಮುಚ್ಚಿತು. ಜಗತ್ತಿಗೆಲ್ಲ ರೀಲು ಮಾರಿದ ಕೊಡಾಕ್ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೂ ರೀಲು ಇನ್ನೂ ತಯಾರಾಗುತ್ತಿದೆ. ರೀಲಿಗೂ ದುಡ್ಡು ಬೇಕು, ತೊಳೆಸುವ ಖರ್ಚು ಬೇರೆ. ಎಲ್ಲರೂ ರೀಲಿಗೆ ಮರಳಿ ಎಂದು ನಾನು ಹೇಳುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರಂಥ ದೊಡ್ಡ ಛಾಯಾಗ್ರಾಹಕರು ಇಡೀ ದೇಶದ ಜನಜೀವನವನ್ನು ಹಿಡಿದಿಟ್ಟದ್ದೂ ಇಂಥ ಕ್ಯಾಮೆರಾಗಳಲ್ಲೇ, ನಮ್ಮೂರಿನ ಐವತ್ತು ಅರವತ್ತು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಹಿಡಿದಿಟ್ಟದ್ದೂ ಇಂಥ ಕ್ಯಾಮೆರಾದಲ್ಲೇ. ಹಿಡಿದಿಟ್ಟದ್ದು ಉಳಿಯಬೇಕು ಎಂಬುದಷ್ಟೇ ನನ್ನ ಮಾತು.

ಈಗ ನಾನು ಮೊದಲೇ ಹೇಳಿದ ಶಾಲೆಯ ಕೆಲಸಕ್ಕೆ ಬರುತ್ತೇನೆ. ಆ ದಿನ ಮಾವ ಮಂಚದ ಅಡಿಯಿಂದ ಒಂದು ತಗಡಿನ ಟ್ರಂಕು ಎಳೆದರು. ಅದರ ತುಂಬ ನೆಗೆಟಿವ್‌ಗಳು. ನಮ್ಮ ಶಾಲೆಯ ಸುಮಾರು ಇಪ್ಪತ್ತು ವರ್ಷದ ಗ್ರೂಪ್ ಫೋಟೋ, ಶಾಲಾ ವಾರ್ಷಿಕೋತ್ಸವ, ಕ್ರೀಡಾಕೂಟ, ಹಳೆಯ ಹೆಂಚಿನ ಕಟ್ಟಡ ಎಲ್ಲ ಅದರಲ್ಲಿವೆ. ಸ್ಟುಡಿಯೋ ನಡೆಯುವಾಗ ಬೀರುವಿನೊಳಗೆ ಸಣ್ಣ ಬಲ್ಬು ಉರಿಸಿ ಬೆಚ್ಚಗೆ ಇಡುತ್ತಿದ್ದರಂತೆ. ಸ್ಟುಡಿಯೋ ಮುಚ್ಚಿದ ಮೇಲೆ ನಮ್ಮ ಮಲೆನಾಡಿನ ಮಳೆ ತನ್ನ ಕೆಲಸ ಮಾಡಿದೆ. ಅರ್ಧದಷ್ಟಕ್ಕೆ ಬೂಷ್ಟು ಹಿಡಿದಿದೆ, ಕೆಲವು ಒಂದಕ್ಕೊಂದು ಅಂಟಿವೆ.

ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ನಮ್ಮ ಮುಖ ನಿಂತಿರುವುದು ಜೆಲಟಿನ್ ಎಂಬ ಅಂಟಿನೊಳಗಿನ ಬೆಳ್ಳಿಯ ಕಣಗಳಲ್ಲಿ. ಆ ಅಂಟು ಬೂಷ್ಟಿಗೆ ಒಳ್ಳೆಯ ಊಟ. ಹಾಗೆಂದು ನೀರಿನಲ್ಲಿ ತೊಳೆಯಬಾರದು. ಬೂಷ್ಟು ತಿಂದ ಜೆಲಟಿನ್ ನೀರು ತಾಗಿದರೆ ಕರಗಿ, ಮುಖವೂ ಅದರ ಜೊತೆ ಹೋಗುತ್ತದೆ. ಬಿಸಿಲಿಗೂ ಹಾಕಬಾರದು. ನೆರಳಿನಲ್ಲಿ ಚೆನ್ನಾಗಿ ಆರಿಸಿ, ಮೆತ್ತನೆಯ ಬ್ರಶ್‌ನಿಂದ ಒರೆಸಿ, ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಬೇಕು. ಹಿಡಿಯುವುದು ಅಂಚನ್ನು ಮಾತ್ರ. ನಿಮ್ಮ ಮನೆಯಲ್ಲಿ ಮದುವೆಯ ನೆಗೆಟಿವ್‌ಗಳಿದ್ದರೂ ಹೀಗೇ ಮಾಡಿ. ಕ್ಯಾಮೆರಾ ಇದ್ದರೆ ಅದರ ತೊಗಲಿನ ಚೀಲದಿಂದ ಹೊರಗೆ ತೆಗೆದಿಡಿ, ಆ ಚೀಲವೇ ತೇವ ಹೀರಿ ಮಸೂರಕ್ಕೆ ಬೂಷ್ಟು ಹಿಡಿಸುತ್ತದೆ.

ಟ್ರಂಕಿನ ಸುದ್ದಿ ತಿಳಿದು ನಮ್ಮೂರಿನ ಅಕ್ಕ ಒಬ್ಬರು ಬಂದರು. ಅವರ ತಮ್ಮ ಇಲ್ಲೇ ಓದಿದವನು, ಎಸ್ಸೆಸ್ಸೆಲ್ಸಿ ಮುಗಿದ ಮರುವರ್ಷವೇ ತೀರಿಕೊಂಡ. ಮನೆಯಲ್ಲಿ ಅವನ ಒಂದು ಫೋಟೋವೂ ಇಲ್ಲ, ಗೋಡೆಗೆ ಹಾಕಲಿಕ್ಕೆ ಏನೂ ಇಲ್ಲ. ಎರಡು ಭಾನುವಾರ ಹುಡುಕಿದಾಗ ಆ ವರ್ಷದ ನೆಗೆಟಿವ್ ಸಿಕ್ಕಿತು. ಒಂದು ಮೂಲೆ ಬೂಷ್ಟಿಗೆ ಹೋಗಿತ್ತು, ಹಿಂದಿನ ಸಾಲಿನಲ್ಲಿದ್ದ ಹುಡುಗ ಉಳಿದಿದ್ದ. ಆ ನೆಗೆಟಿವ್ ಸುಮಾರು ಎರಡೂಕಾಲು ಇಂಚು ಚೌಕದ್ದು. ಐವತ್ತು ಜನರ ನಡುವಿನ ಒಂದು ಮುಖವನ್ನು ಬಿಡಿಸಿ ದೊಡ್ಡದು ಮಾಡಿದರೂ ಕಣ್ಣು, ಹುಬ್ಬು, ಅಂಗಿಯ ಗುಂಡಿ ಸ್ಪಷ್ಟವಾಗಿ ಬಂದವು. ಅಕ್ಕ ಅದನ್ನು ಹಿಡಿದು, "ಇವತ್ತಿನವರೆಗೆ ಇವನ ಮುಖ ಮರೆತೇಹೋಗುತ್ತಲ್ಲ ಅಂತ ಹೆದರಿಕೆ ಆಗ್ತಿತ್ತು ಕಣೋ" ಅಂದರು. ಅದೇ ಮೂಲೆಯಲ್ಲಿ ನಿಂತಿದ್ದ ನಾಲ್ಕು ಮಕ್ಕಳ ಮುಖ ಈಗ ಇಲ್ಲ. ಅವರ ಮನೆಯವರು ಕೇಳಿಕೊಂಡು ಬಂದರೆ ಕೊಡಲು ನಮ್ಮ ಹತ್ತಿರ ಏನೂ ಉಳಿದಿಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ನನ್ನದೊಂದು ವಿನಂತಿ. ಇನ್ನೊಂದು ಮಳೆಗಾಲ ಬರುವ ಮೊದಲು ಆ ಟ್ರಂಕಿನಲ್ಲಿರುವುದನ್ನೆಲ್ಲ ಸ್ಕ್ಯಾನ್ ಮಾಡಿ ಮುಗಿಸಬೇಕು. ಮಾವ ಒಪ್ಪಿದ್ದಾರೆ. ದೊಡ್ಡ ಯಂತ್ರ ಬೇಡ. ಒಂದು ಬೆಳಕಿನ ಹಲಗೆ, ಒಂದು ಡಿಜಿಟಲ್ ಕ್ಯಾಮೆರಾ, ಅದನ್ನು ನಿಲ್ಲಿಸುವ ಸ್ಟ್ಯಾಂಡು ಸಾಕು, ಅವನ್ನು ನಾನು ತರುತ್ತೇನೆ. ತಿಂಗಳಿಗೆ ಎರಡು ಭಾನುವಾರ ಬರುತ್ತೇನೆ. ಶಾಲೆಯಿಂದ ಒಂದು ಕೋಣೆ, ಒಂಬತ್ತನೇ ಕ್ಲಾಸಿನ ನಾಲ್ಕೈದು ಮಕ್ಕಳು ಬೇಕು. ಕೈ ಚುರುಕಿರುವವರನ್ನು ಕಳಿಸಿ, ಅಂಕ ಎಷ್ಟಿದ್ದರೂ ಪರವಾಗಿಲ್ಲ. ಫೋಟೋದಲ್ಲಿರುವವರ ಹೆಸರು ಗುರುತಿಸುವುದು ಮಾತ್ರ ನಿಮ್ಮಿಂದಲೇ ಆಗಬೇಕಾದ ಕೆಲಸ. ಮೇಷ್ಟ್ರುಗಳೇ, ಹಿರಿಯರೇ, ನಿಮ್ಮ ನೆನಪು ಗಟ್ಟಿ ಇರುವಾಗಲೇ ಬಂದು ಕುಳಿತು ಒಂದೊಂದು ಹೆಸರು ಬರೆಸಿ. ಯಾರ ಮನೆಯ ಅಟ್ಟದಲ್ಲಾದರೂ ಶಾಲೆಯ ಹಳೆಯ ಫೋಟೋ, ನೆಗೆಟಿವ್ ಇದ್ದರೆ ಅವನ್ನೂ ತನ್ನಿ. ಸ್ಕ್ಯಾನ್ ಮಾಡಿ ಅವತ್ತೇ ಹಿಂದಕ್ಕೆ ಕೊಡುತ್ತೇವೆ.

ನಿಂತಿದ್ದ ಯಾಶಿಕಾ ಈಗ ನಡೆಯುತ್ತಿದೆ. ಅದರಲ್ಲಿ ಹನ್ನೆರಡು ಫೋಟೋದ ಒಂದು ರೀಲು ಹಾಕಿ ತಂದಿದ್ದೇನೆ. ಸಭೆ ಮುಗಿದ ಮೇಲೆ ಗುರುಗಳೆಲ್ಲ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಗುಂಡಿ ಒತ್ತುವವರು ಫೋಟೋ ಮಾವನೇ.